ಹನ್ನೊಂದು ದೇಶ ಒಪ್ಪಿದ ಗುರುವಾರ

ಹಬ್ಸಾ ಅವರಿಗೆ ಬುಧವಾರ ರಾತ್ರಿ ಪುರುಸೊತ್ತಿರಲಿಲ್ಲ. ಸುಹೈಮಿಯ ಕಷ್ಟಕ್ಕೆಲ್ಲ ಅದೇ ಮೂಲ.

ಕ್ವಾಲಾಲಂಪುರದಿಂದ ಹನ್ನೊಂದು ದೇಶಗಳಿಗೆ ಹೋಗುವ ಟಿವಿ ವಾಹಿನಿಯೊಂದರಲ್ಲಿ ಯಾವ ಕಾರ್ಯಕ್ರಮ ಎಷ್ಟು ಗಂಟೆಗೆ ಎಂಬ ಪಟ್ಟಿ ತುಂಬುವುದು ಸುಹೈಮಿಯ ಕೆಲಸ. ಹಬ್ಸಾ, ಅವನು ಮದುವೆಯಾಗಬೇಕೆಂದಿರುವ ನುರ್ಜಿಹಾನಳ ತಾಯಿ. ಮಗಳನ್ನು ಕೊಡುವುದೋ ಬೇಡವೋ ಎಂದು ಆರು ತಿಂಗಳಿಂದ ಅಳೆದು ಸುರಿಯುತ್ತಿದ್ದ ಆಕೆ ಬುಧವಾರ ಬೆಳಿಗ್ಗೆ ತಾವಾಗಿ ಫೋನ್ ಮಾಡಿದರು.

“ಇವತ್ತು ಎಂಟು ಗಂಟೆಗೆ ನಮ್ಮ ಧಾರಾವಾಹಿ ಮುಗಿಯತ್ತಂತೆ. ನಾನು ಪಕ್ಕದ ಬೀದಿಗೆ ಕೆಂದೂರಿ ಊಟಕ್ಕೆ ಹೋಗಲೇಬೇಕು. ನಾಳೆ ಹಾಕಿಸಪ್ಪ.”

“ಮಾಕ್ ಚಿಕ್, ಅದು ಹನ್ನೊಂದು ದೇಶಕ್ಕೆ ಹೋಗೋದು...” ಎಂದು ಸುಹೈಮಿ ಚಿಕ್ಕಮ್ಮನನ್ನು ಕರೆಯುವಂತೆ ಕರೆದು ರಾಗ ಎಳೆದ.

“ಅವರೂ ನಾಳೆ ನೋಡ್ಲಿ. ನೀನೂ ಬಾ. ನಿಮ್ಮನೆಯವರು ಯಾವತ್ತು ಉಂಗುರ ತರಬೇಕು ಅಂತ ಧಾರಾವಾಹಿ ಮುಗಿದ ಮೇಲೆ ಮಾತಾಡೋಣ.”

ಉಂಗುರ ಎಂದ ಮೇಲೆ ಸುಹೈಮಿಗೆ ಹನ್ನೊಂದು ದೇಶಗಳೂ ಹನ್ನೊಂದು ಮನೆಗಳಷ್ಟೇ ಆಗಿ ಕಂಡವು. ಗುರುವಾರ ಎಂಟಕ್ಕೆ ಬ್ಯಾಸ್ಕೆಟ್‌ಬಾಲ್ ಇತ್ತು. ಅದನ್ನು ಬುಧವಾರಕ್ಕೆ ಅದಲುಬದಲು ಮಾಡಲು ಮನಿಲಾ ಕಚೇರಿಯ ದಿಂದೋಗೆ ಫೋನ್ ಹಚ್ಚಿದ.

“ನಾಳೆ ಪಂದ್ಯ ಇವತ್ತೇ ಹಾಕ್ತೀಯಾ? ಜನ ನಾಳೆಗೆ ಕಾಯ್ತಿರ್ತಾರೆ ಬ್ರದರ್,” ಎಂದ ದಿಂದೋ.

“ಅದು ಹೋದ ವರ್ಷದ್ದಲ್ವಾ?”

“ಆದ್ರೇನು, ಗೆಲ್ತೀವೋ ಇಲ್ವೋ ಅನ್ನೋ ಆತಂಕ ಇದ್ದೇ ಇರತ್ತೆ. ಶನಿವಾರ ಇನ್ನೊಂದ್ಸಲ ತೋರಿಸೋದಾದ್ರೆ ಒಪ್ತೀನಿ.”

ಶನಿವಾರದ ಅಡುಗೆ ಕಾರ್ಯಕ್ರಮ ಎತ್ತಿ ಶುಕ್ರವಾರ ಬೆಳಿಗ್ಗೆಗೆ ಇಟ್ಟ. ಅಷ್ಟರಲ್ಲಿ ಜಕಾರ್ತ ಕಚೇರಿಯಿಂದ ರೆತ್ನೋ ಫೋನ್ ಮಾಡಿದಳು.

“ಮಾಸ್ ಸುಹೈಮಿ, ನಿಮ್ಮ ಎಂಟು ನಮಗೆ ಏಳು. ಗುರುವಾರ ಏಳಕ್ಕೆ ನಮ್ಮ ಹೆಂಗಸರೆಲ್ಲ ಒಟ್ಟಿಗೆ ಕುರಾನಿನ ಯಾಸೀನ್ ಓದೋಕೆ ಹೋಗಿರ್ತಾರೆ. ಧಾರಾವಾಹಿ ನಿಮ್ಮತ್ತೆ ಒಬ್ಬರೇ ನೋಡೋದಾ?”

ಇವಳಿಗೆ ಅತ್ತೆಯ ವಿಷಯ ಹೇಗೆ ಗೊತ್ತಾಯಿತೆಂದು ಸುಹೈಮಿ ಬೆಪ್ಪಾದ. ಅವಳು ಮಾತಿಗೆ ಅಂದಿದ್ದಳಷ್ಟೆ. ಶುಕ್ರವಾರ ಬೆಳಿಗ್ಗೆ ಮತ್ತೆ ತೋರಿಸುತ್ತೇನೆಂದು ಮಾತು ಕೊಟ್ಟ. ಈಗ ಅಡುಗೆಯೂ ಧಾರಾವಾಹಿಯೂ ಒಂದೇ ಜಾಗಕ್ಕೆ ಬಂದು ಕುಳಿತವು. ಅಡುಗೆಯನ್ನು ಸೋಮವಾರಕ್ಕೆ ತಳ್ಳಿದರೆ ಮಕ್ಕಳ ಕಾರ್ಟೂನಿನ ಮೊಲ ಮಂಗಳವಾರಕ್ಕೆ ಹಾರಿತು, ಮಂಗಳವಾರದ ಆರೋಗ್ಯ ಸಲಹೆಗೆ ನಿಲ್ಲಲು ನೆಲೆಯಿಲ್ಲದಾಯಿತು. ಮಧ್ಯಾಹ್ನ ನಾಸಿ ಲೆಮಾಕ್ ಪೊಟ್ಟಣ ಬಿಚ್ಚಿ ಕುಳಿತವನಿಗೆ ತಾನು ತಿನ್ನುತ್ತಿರುವುದು ಯಾವ ವಾರದ ಊಟ ಎಂಬುದೇ ತಿಳಿಯಲಿಲ್ಲ.

ನಾಲ್ಕು ಗಂಟೆಗೆ ಪಟ್ಟಿ ಹಿಡಿದು ಮೇಲಧಿಕಾರಿ ಲೋ ಮೇಡಂ ಎದುರು ನಿಂತ.

“ಯಾಕಿಷ್ಟು ಗೀಚಾಟ?”

“ಪ್ರೇಕ್ಷಕರ ಒತ್ತಡ ಬಹಳ ಇದೆ ಬಾಸ್.” ಅದೇನೂ ಸುಳ್ಳಾಗಿರಲಿಲ್ಲ.

ಲೋ ಮೇಡಂ ಅವನ ಮುಖ ನೋಡಿದರು, ಪಟ್ಟಿ ನೋಡಿದರು. “ಹೆಚ್ಚುಕಮ್ಮಿ ಆದ್ರೆ ನಿನ್ನ ತಲೆ ಮೇಲೆ,” ಎಂದು ಸಹಿ ಹಾಕಿದರು.

ಗುರುವಾರ ಸಂಜೆ ಸುಹೈಮಿ ಗಂಜಿ ಹಾಕಿದ ಅಂಗಿ ತೊಟ್ಟು ಹಬ್ಸಾ ಮನೆಗೆ ಹೋದ. ನೆರೆಹೊರೆಯ ಹದಿನೆಂಟು ಹೆಂಗಸರು ಚಾಪೆ ತುಂಬ ಕುಳಿತಿದ್ದರು. “ಇವನೇ ಹಾಕಿಸಿದ್ದು,” ಎಂದು ಹಬ್ಸಾ ಪರಿಚಯ ಮಾಡಿಸಿದರು. ನುರ್ಜಿಹಾನ್ ಬಾಗಿಲ ಮರೆಯಿಂದ ನಕ್ಕಳು. ಜನ್ಮ ಸಾರ್ಥಕವಾಯಿತು ಎನಿಸಿತು ಅವನಿಗೆ.

ಎಂಟು ಗಂಟೆಗೆ ಪರದೆಯ ಮೇಲೆ ಒಂದು ಗಾಜಿನ ತೊಟ್ಟಿ ಬಂತು. ಅದರಲ್ಲಿ ಮೂರು ಮೀನು. ಅವು ಎಡಕ್ಕೆ ಹೋದವು, ಬಲಕ್ಕೆ ಬಂದವು. ಹತ್ತು ನಿಮಿಷವಾದರೂ ಅವೇ ಮೀನು. ಸುಹೈಮಿ ಅಂಗಳಕ್ಕೆ ಓಡಿ ಲೋ ಮೇಡಂಗೆ ಫೋನ್ ಮಾಡಿದ.

“ಹತ್ತು ದೇಶದಲ್ಲಿ ಚೆನ್ನಾಗೇ ಬರ್ತಿದೆಯಲ್ಲ,” ಎಂದರು ಮೇಡಂ. “ನಮ್ಮ ದೇಶದಲ್ಲಿ ತೋರಿಸೋ ಹಕ್ಕು ನಿನ್ನೆ ರಾತ್ರಿಗೆ ಮುಗೀತು. ಹಕ್ಕು ಇಲ್ಲದ ಕಡೆ ಯಂತ್ರ ತಾನೇ ಮೀನು ಹಾಕತ್ತೆ. ಕೊನೇ ಕಂತನ್ನ ಬುಧವಾರಕ್ಕೆ ಇಟ್ಟಿದ್ದು ಮತ್ಯಾಕೆ ಅಂದ್ಕೊಂಡೆ?”

ಅವನು ಕಾಲೆಳೆಯುತ್ತ ಒಳಗೆ ಬಂದ. ಹೆಂಗಸರು ಇನ್ನೂ ಮೀನು ನೋಡುತ್ತಿದ್ದರು. ಹಬ್ಸಾ ಮಾತ್ರ ಅವನನ್ನು ನೋಡುತ್ತಿದ್ದರು.

“ನಿನ್ನೆ ಕೆಂದೂರಿ ಮನೇಲೂ ಗೋಡೆಯಷ್ಟು ದೊಡ್ಡ ಟಿವಿ ಇತ್ತು. ಎಲ್ಲರೂ ಊಟ ಬಿಟ್ಟು ಕಾದು ಕೂತಿದ್ರೆ ಚೆಂಡಾಟ ಬಂತು. ಅದಕ್ಕೂ ನೀನೇನಾ ಕಾರಣ?”

“ಹೌದು ಮಾಕ್ ಚಿಕ್. ನಿಮಗೋಸ್ಕರ...”

“ಇರಲಿ,” ಎಂದರು ಹಬ್ಸಾ ಶಾಂತವಾಗಿ. “ಉಂಗುರದ ಮಾತಿಗೆ ಅವಸರ ಏನಿಲ್ಲ. ಹನ್ನೊಂದು ದೇಶಕ್ಕೂ ಅನುಕೂಲ ಆಗೋ ಒಂದು ದಿನ ನೋಡ್ಕೊಂಡು ಬಂದು ಹೇಳು.”