ಅತ್ತೆ ಬೆನ್ನಿಗೆ ಚೀಲ ಏರಿಸಿ ಟ್ರಿನಿಡಾಡಿಗೆ

ನಮ್ಮತ್ತೆಗೆ ಭೂಗೋಳ ಗೊತ್ತಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಭೂಗೋಳಕ್ಕೇ ನಮ್ಮತ್ತೆ ಗೊತ್ತಿರಲಿಲ್ಲ, ಅಷ್ಟೇ! ಈಗ ಚೆನ್ನಾಗಿ ಗೊತ್ತಾಗಿದೆ. ಅರವತ್ತೇಳು ವರ್ಷದ, ಮೊಣಕಾಲು ನೋವಿನ, ಹುಬ್ಬಳ್ಳಿ ಕನ್ನಡ ಬಿಟ್ಟರೆ ಬೇರೆ ಭಾಷೆಗಳನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯದ ನಮ್ಮತ್ತೆ ಬೆನ್ನಿಗೆ ಚೀಲ ಏರಿಸಿಕೊಂಡು ವೆಸ್ಟ್ ಇಂಡೀಸ್ ಸೀಮೆಯ ಟ್ರಿನಿಡಾಡ್ ದೇಶವನ್ನು ಎರಡು ವಾರ ಸುತ್ತಿ ಬಂದಿದ್ದಾರೆ. ನಂಬಿಕೆ ಬರದಿದ್ದರೆ ನನ್ನ ಮೊಣಕಾಲನ್ನು ಕೇಳಿ. ಜೊತೆಗೆ ಹೋಗಿದ್ದವಳು ನಾನು. ಅಲ್ಲಿಂದ ಬಂದ ಮೇಲೆ ನೋವು ಅವರ ಮೊಣಕಾಲು ಬಿಟ್ಟು ನನ್ನದಕ್ಕೆ ವರ್ಗವಾಗಿದೆ!

ನಾವಿರುವುದು ಸಿಡ್ನಿಯ ಗಿರಾವೀನ್‌ನಲ್ಲಿ. ಅತ್ತೆ ಇರುವುದು ಮೆಲ್ಬರ್ನಿನ ಕ್ರೇಗಿಬರ್ನ್‌ನಲ್ಲಿ, ನನ್ನ ಮೈದುನನ ಮನೆಯಲ್ಲಿ. ಮೊಮ್ಮಗ ಹುಟ್ಟಿದಾಗ ಬಂದವರು ಅವನನ್ನು ಎತ್ತಿ ಆಡಿಸಿ, ಉಣಿಸಿ, ಮಲಗಿಸಿ, ಈ ವರ್ಷ ಶಾಲೆಗೆ ಸೇರುವವರೆಗೆ ಬೆಳೆಸಿದ್ದಾರೆ. ದಿನಾ ಬೆಳಿಗ್ಗೆ ಅವರು ವಾಕಿಂಗ್ ಹೋಗುವ ಪಾರ್ಕಿನಲ್ಲಿ ಒಬ್ಬಾಕೆ ಜೊತೆಯಾದರು. ನೋಡಿದರೆ ಥೇಟ್ ಹುಬ್ಬಳ್ಳಿ ಕಡೆಯ ಹೆಂಗಸೇ. ಆದರೆ ಊರು ಟ್ರಿನಿಡಾಡ್. ಮುತ್ತಜ್ಜನ ಕಾಲದಲ್ಲಿ ಇಂಡಿಯಾದಿಂದ ಕಬ್ಬಿನ ಗದ್ದೆಯ ಕೂಲಿಗೆಂದು ಹಡಗು ಹತ್ತಿ ಹೋದವರ ಸಂತತಿಯಂತೆ. ಆಕೆಗೆ ಇಂಗ್ಲಿಷ್ ಬಿಟ್ಟರೆ ಬೇರೆ ಬಾರದು, ಅತ್ತೆಗೆ ಇಂಗ್ಲಿಷ್ ಬಾರದು. ಆದರೂ ಎರಡು ವರ್ಷ ಇಬ್ಬರೂ ದಿನಾ ಒಂದು ಗಂಟೆ ಬಿಡದೆ ಮಾತಾಡಿದರು! ಏನು ಮಾತಾಡುತ್ತಿದ್ದರು? ಆ ಪಾರ್ಕಿನ ಬಾತುಕೋಳಿಗಳಿಗೇ ಗೊತ್ತು.

ಒಂದು ಭಾನುವಾರ ವಿಡಿಯೋ ಕಾಲ್‌ನಲ್ಲಿ ಅತ್ತೆ ಘೋಷಿಸಿದರು: "ನಾ ಟ್ರಿನಿಡಾಡಿಗೆ ಹೊಂಟೇನಿ."

ನನ್ನ ಗಂಡ ಕುಡಿಯುತ್ತಿದ್ದ ಚಹಾ ಮೂಗಿಗೆ ಏರಿತು. "ಅವ್ವಾ, ಬಾಜೂ ಸಬರ್ಬಿಗೆ ಹೊಂಟೇನಿ ಅಂದಂಗ ಅಂತೀಯಲ್ಲ!"

"ಮತ್ತ ಹೆಂಗ ಅನಬೇಕು? ಹಾಡಿ ಹೇಳಲೇನು?"

ಗಂಡುಮಕ್ಕಳಿಬ್ಬರೂ ಸೇರಿ ಒಳ್ಳೆಯದೊಂದು ಕ್ರೂಸ್ ಬುಕ್ ಮಾಡುತ್ತೇವೆ, ಹಡಗಿನಲ್ಲೇ ಊಟ, ಹಡಗಿನಲ್ಲೇ ನಿದ್ದೆ, ಸುಖವಾಗಿ ಹೋಗಿ ಬಾ ಎಂದರು. ಅತ್ತೆ ಕೈ ಅಡ್ಡ ಆಡಿಸಿದರು. "ಮೂರು ಸಾವಿರ ಮಂದಿ ಸಾಲಾಗಿ ಕುಂತು ಉಣ್ಣೂದು ಅಂದ್ರ ಅದು ಮದಿವಿ ಮನಿ. ಮದಿವಿ ಮನಿ ನಾ ಬೇಕಾದಷ್ಟು ನೋಡೇನಿ. ಬೆನ್ನಿಗೆ ಚೀಲಾ ಹಾಕ್ಕೊಂಡು, ಬಸ್ಸು ಹತ್ತಿ, ಸಸ್ತಾದಾಗ ತಿರಗಾಕಿ ನಾ. ಇಲ್ಲಿಗೆ ಬರೂ ಜರ್ಮನಿ ಹುಡುಗ್ಯಾರು ತಿರಗೂದಿಲ್ಲೇನು, ಹಂಗ!"

ಒಬ್ಬರನ್ನೇ ಕಳಿಸುವ ಹಾಗಿರಲಿಲ್ಲ. ಮೈದುನನಿಗೆ ರಜೆ ಇಲ್ಲ, ನನ್ನ ಗಂಡನಿಗೆ ಧೈರ್ಯ ಇಲ್ಲ. ಕೊನೆಗೆ ಚೀಟಿ ಬಂದದ್ದು ಮೈಸೂರಿನ ಸೊಸೆಯಾದ ನನ್ನ ಹೆಸರಿಗೆ; ಮಗಳು ಎರಡು ವಾರ ಗಂಡನ ಪಾಲಿಗೆ. ಆದರೆ ಇದರ ಹಿಂದೆ ಒಂದು ಸಂಚೂ ಇತ್ತು, ಮುಚ್ಚಿಡುವುದು ಯಾಕೆ? ನಮ್ಮ ಮಗಳಿಗೆ ಮೂರು ವರ್ಷ. ಅರ್ಧ ದಿನದ ಕೆಲಸ ಬಿಟ್ಟು ನಾನು ಪೂರ್ತಿ ದಿನದ ಕೆಲಸಕ್ಕೆ ಹೋಗಬೇಕಿತ್ತು. ಅಣ್ಣ ತಮ್ಮಂದಿರು ಫೋನಿನಲ್ಲೇ ತೀರ್ಮಾನಿಸಿಬಿಟ್ಟಿದ್ದರು: ಕ್ರೇಗಿಬರ್ನ್ ಮೊಮ್ಮಗ ಶಾಲೆಗೆ ಹೋದ, ಅವ್ವ ಈಗ ಫ್ರೀ, ಇನ್ನು ಗಿರಾವೀನ್‌ಗೆ ಬಂದು ಮೊಮ್ಮಗಳನ್ನು ನೋಡಿಕೊಳ್ಳಲಿ. ಅದನ್ನು ಅವರ ಕಿವಿಗೆ ಹಾಕುವ ಕೆಲಸ ನನ್ನದು. "ಪ್ರವಾಸದಾಗ ಖುಷಿಯಿಂದ ಇರ್ತಾಳ. ಒಂದು ಚೊಲೋ ಹೊತ್ತು ನೋಡಿ ಕೇಳಿಬಿಡು" ಎಂದು ಗಂಡ ಹೇಳಿಕೊಟ್ಟ. ನನಗೂ ಅದೇ ಬೇಕಾಗಿತ್ತು ಅನ್ನಿ.

ಹೊರಡುವ ಎರಡು ದಿನ ಮೊದಲು ಅತ್ತೆ ಸಿಡ್ನಿಗೆ ಬಂದಿಳಿದರು. ನನ್ನನ್ನು ಪಕ್ಕದ ಪೆಂಡಲ್ ಹಿಲ್‌ನ ಇಂಡಿಯನ್ ಅಂಗಡಿಗಳಿಗೆ ಎಳೆದುಕೊಂಡು ಹೋಗಿ ಅವಲಕ್ಕಿ, ಶೇಂಗಾ, ಒಣಮೆಣಸಿನಕಾಯಿ ಕೊಂಡು, ಶೇಂಗಾ ಮೆಣಸಿನಕಾಯಿ ಮನೆಯಲ್ಲಿ ಕುಟ್ಟಿ ಪುಡಿ ಮಾಡಿ ಚೀಲಕ್ಕೆ ತುಂಬಿದರು. ಎರಡು ಸೀರೆ, ಒಂದು ಸ್ವೆಟರ್, ಉಳಿದದ್ದೆಲ್ಲ ಅವಲಕ್ಕಿ, ಉಪ್ಪಿನಕಾಯಿ, ಚಟ್ನಿಪುಡಿ! ಆಮೇಲೆ ನನ್ನ ಚೀಲದ ತಪಾಸಣೆ ಶುರುವಾಯಿತು. ಹೇರ್ ಡ್ರೈಯರನ್ನು ಎರಡು ಬೆರಳಲ್ಲಿ ಸತ್ತ ಇಲಿಯ ಹಾಗೆ ಎತ್ತಿ ಹಿಡಿದು ಕೇಳಿದರು: "ಕೂದಲಾ ಒಣಗಸಾಕ ಆ ದೇಶದಾಗ ಸೂರ್ಯಾ ಇಲ್ಲೇನು?"

ಮೂರು ವಿಮಾನ ಬದಲಿಸಿ ಪೋರ್ಟ್ ಆಫ್ ಸ್ಪೇನ್ ತಲುಪುವ ಹೊತ್ತಿಗೆ ನನಗೆ ಯಾವ ದಿನ ಎನ್ನುವುದೇ ಮರೆತಿತ್ತು. ಅತ್ತೆ ಮಾತ್ರ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಂದವರಂತೆ ಸೆರಗು ಸರಿಮಾಡಿಕೊಂಡು ಇಳಿದರು. ನಾವು ಉಳಿದದ್ದು ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಒಂದು ಕೋಣೆಯಲ್ಲಿ. ಒಂದರ ಮೇಲೊಂದು ಮಂಚಗಳು, ಆರು ಹಾಸಿಗೆ. ಕೆಳಗಿನದು ಅತ್ತೆಗೆ ಎಂದು ನಾನು ಟವೆಲ್ ಹಾಸುವಷ್ಟರಲ್ಲಿ ಅವರು ಏಣಿ ಹತ್ತಿ ಮೇಲೆ ಕುಳಿತಾಗಿತ್ತು. "ಮ್ಯಾಲ ಗಾಳಿ ಚೊಲೋ ಬರತೈತಿ. ನೀ ತೆಳಗ ಮಲಗು, ನಿನಗ ಮೊಣಕಾಲ ನೋವು." ಆಗಿನ್ನೂ ನನಗೆ ಯಾವ ನೋವೂ ಇರಲಿಲ್ಲ!

ಸರಿ, ಇದೇ ಹೊತ್ತು ಎಂದುಕೊಂಡು ಕೆಳಗಿನಿಂದ ಶುರು ಮಾಡಿದೆ. "ಅತ್ತೆ, ನಿಮ್ಮ ಹತ್ರ ಒಂದು ವಿಷಯ ಮಾತಾಡ್ಬೇಕಿತ್ತು..." ಮೇಲಿನಿಂದ ಉತ್ತರ ಬಂತು. ಗೊರಕೆ.

ಮರುದಿನ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಾಗ ಅತ್ತೆ ಅವಲಕ್ಕಿಗೆ ಎಣ್ಣೆ, ಚಟ್ನಿಪುಡಿ ಕಲಸುತ್ತಿದ್ದರು. ಜರ್ಮನಿಯ ಹುಡುಗಿಯೊಬ್ಬಳು ಅಂಗೈ ಒಡ್ಡಿ ನಿಂತಿದ್ದಳು. ಮೂರನೇ ದಿನಕ್ಕೆ ಇಡೀ ಕೋಣೆ ಸಾಲು ನಿಂತಿತು. ಕ್ರೂಸ್ ಬೇಡ ಎಂದವರು ಇಲ್ಲೇ ಮದುವೆ ಮನೆ ಎಬ್ಬಿಸಿದ್ದರು!

ಊರು ತಿರುಗಲು ಅಲ್ಲಿ ಮ್ಯಾಕ್ಸಿ ಎಂಬ ವ್ಯಾನುಗಳಿವೆ. ಬಿಳಿ ವ್ಯಾನು, ಮೈಗೆ ಬಣ್ಣದ ಪಟ್ಟಿ. ಯಾವ ದಿಕ್ಕಿಗೆ ಹೋಗುತ್ತದೆ ಎನ್ನುವುದನ್ನು ಪಟ್ಟಿಯ ಬಣ್ಣ ಹೇಳುತ್ತದೆ. ಒಳಗೆ ಸಂಗೀತ ಎಷ್ಟು ಜೋರೆಂದರೆ ಸೀಟೂ ಕುಣಿಯುತ್ತದೆ. ಸ್ವಲ್ಪ ಕಡಿಮೆ ಮಾಡಬಹುದೇ ಎಂದು ನಾನು ನಯವಾದ ಇಂಗ್ಲಿಷಿನಲ್ಲಿ ಮೂರು ಸಲ ಕೇಳಿದೆ. ಡ್ರೈವರಿಗೆ ಕೇಳಿಸಲೇ ಇಲ್ಲ. ಅತ್ತೆ ಹಿಂದಿನಿಂದ "ತಮ್ಮಾ! ಸಣ್ಣ ಮಾಡಪಾ, ತಲಿ ಸಿಡ್ಯಾಕತ್ತೈತಿ" ಎಂದು ಕೂಗಿದರು. ಅವನು ಕನ್ನಡಿಯಲ್ಲಿ ನೋಡಿ "ಸಾರಿ, ಟಾಂಟಿ" ಎಂದು ತಕ್ಷಣ ಕಡಿಮೆ ಮಾಡಿದ. ಅಲ್ಲಿ ಹಿರಿಯ ಹೆಂಗಸರನ್ನು ಹಾಗೆನ್ನುತ್ತಾರೆ. "ಆಂಟಿ ಅನ್ನಾಕ ಬರೂದಿಲ್ಲ ಪಾಪ, ನಾಲಿಗಿ ತೊಡರತೈತಿ" ಎಂದು ಅತ್ತೆ ಮರುಗಿದರು. ಇಳಿಯುವ ಜಾಗ ಬಂದಾಗ ನಮ್ಮ ಊರಿನ ಬಸ್ ಕಂಡಕ್ಟರುಗಳ ಗತ್ತಿನಲ್ಲಿ "ಹೋಲ್ಡಾನ್!" ಎಂದರು ನೋಡಿ. ವ್ಯಾನು ಗಕ್ಕನೆ ನಿಂತಿತು! "ನನಗ ಇಂಗ್ಲಿಷ್ ಬರೂದಿಲ್ಲ ಅಂತ ಯಾರಂದ್ರು?" ಎಂದು ನನ್ನ ಕಡೆ ತಿರುಗಿದರು.

ಅಲ್ಲಿನ ಬೀದಿ ತಿಂಡಿ ಡಬಲ್ಸ್. ಎರಡು ಮೆತ್ತನೆ ಪೂರಿಗಳ ನಡುವೆ ಕಡಲೆ ಪಲ್ಯ, ಮೇಲೊಂದಿಷ್ಟು ಖಾರದ ಗೊಜ್ಜು. ಖಾರ ಎಷ್ಟು ಹಾಕಲಿ, ಚೂರೇ ಚೂರಾ ಎಂದು ಮಾರುವವನು ಕೇಳಿದ. ಅತ್ತೆ ಪೂರ್ತಿ ಎಂದು ಸನ್ನೆ ಮಾಡಿದರು. ಟಾಂಟಿ, ಇದು ನಮ್ಮೂರ ಮೆಣಸಿನಕಾಯಿ, ಹುಷಾರು ಎಂದು ಅವನು ಎಚ್ಚರಿಸಿದ. ಅತ್ತೆ ತಿಂದು ಬಾಯಿ ಒರೆಸಿಕೊಂಡು "ಖಾರಾ ಎಲ್ಲೈತಿ?" ಎಂದು ನನ್ನನ್ನು ಕೇಳಿದರು. ನಾನು ಅನುವಾದ ಮಾಡಬಾರದಿತ್ತು. ಮಾಡಿದೆ! ಅವನ ಮುಖ ಸಪ್ಪೆಯಾಯಿತು. ಪಾಪ ಎನಿಸಿ ಅತ್ತೆ ಚೀಲದಿಂದ ತಮ್ಮ ಪುಡಿ ತೆಗೆದು ಅವನ ಅಂಗೈಗೆ ಒಂದು ಚಿಟಿಕೆ ಹಾಕಿದರು. ಅವನು ಎರಡು ಬಾಟಲಿ ನೀರು ಕುಡಿದು, ಕಣ್ಣೊರೆಸಿಕೊಂಡು, ಮಾಡುವ ವಿಧಾನ ಬರೆದುಕೊಡಿ ಎಂದ.

ಮುಂದಿನ ವಾರ ಸಮುದ್ರದ ನಡುವೆ ಕಟ್ಟಿದ ದೇವಸ್ಥಾನವೊಂದನ್ನು ನೋಡಲು ಹೋದೆವು. ಮೆಟ್ಟಿಲ ಮೇಲೆ ಅತ್ತೆಯ ವಯಸ್ಸಿನ ಒಬ್ಬರು ಕುಳಿತಿದ್ದರು. ಅವರ ಮೊಮ್ಮಗಳು ಓಡಿಬಂದು "ಆಜೀ!" ಎಂದು ಕರೆದಳು. ಅತ್ತೆಗೆ ರೋಮಾಂಚನ. "ಕೇಳಿದೇನು? ಅಜ್ಜಿ ಅಂತು! ಇವರದು ಕನ್ನಡನ ಐತಿ!" ಅದು ಬಿಹಾರದ ಕಡೆಯ ಮಾತಿರಬೇಕು ಅತ್ತೆ ಎಂದೆ. "ಅಜ್ಜಿ ಯಾ ಕಡೆದಾಕಿ ಆದ್ರ ಏನು, ಅಜ್ಜಿನ" ಎಂದು ಹೋಗಿ ಅವರ ಪಕ್ಕ ಕುಳಿತೇಬಿಟ್ಟರು. ಒಂದೂವರೆ ಗಂಟೆ ಕೈ ಕೈ ಹಿಡಿದುಕೊಂಡು ಮಾತು. ನಡುವೆ ಒಮ್ಮೆ ನಾನು "ಅತ್ತೆ, ನಮ್ಮ ಪಾಪುವಿನ ವಿಷಯ..." ಎಂದು ಬಾಯಿ ಹಾಕಿದೆ. "ತಡಿ, ಇವರ ಸೊಸಿ ಕತಿ ಅರ್ಧಕ್ಕ ನಿಂತೈತಿ" ಎಂದು ಗದರಿದರು.

ಗಂಡನ ಮೆಸೇಜುಗಳು ಬರುತ್ತಲೇ ಇದ್ದವು. "ಕೇಳಿದೇನು?" ಇಲ್ಲ. "ಕೇಳಿದೇನು?" ಇಲ್ಲ. ಇದರ ನಡುವೆ ಪಕ್ಕದ ಪುಟ್ಟ ದ್ವೀಪ ಟೊಬೇಗೊಗೆ ಹೋಗುವ ಹಡಗು ಹತ್ತಿದೆವು. ಇಲ್ಲಿ ತಪ್ಪಿಸಿಕೊಳ್ಳಲು ಜಾಗವಿಲ್ಲ, ಕೇಳಿಯೇಬಿಡೋಣ ಎಂದು ಗಟ್ಟಿ ಮನಸ್ಸು ಮಾಡಿ ಬಾಯಿ ತೆರೆದೆ. ಹಡಗು ಹೊಯ್ದಾಡಿತು. ಬಾಯಿಂದ ಬಂದದ್ದು ಮಾತಲ್ಲ! ಅತ್ತೆ ಬೆನ್ನು ನೀವುತ್ತಾ, ನಾಲಿಗೆಗೆ ನಿಂಬೆ ಉಪ್ಪಿನಕಾಯಿ ಹಚ್ಚುತ್ತಾ ಹೇಳಿದರು: "ಮೊದಲ ಹೊಟ್ಟ್ಯಾಗಿಂದು ಹೊರಗ ಬರಲಿ, ಆಮ್ಯಾಲ ಮನಸಿನ್ಯಾಗಿಂದು."

ಟೊಬೇಗೊದ ಒಂದು ಮೀನುಗಾರರ ಹಳ್ಳಿಯಲ್ಲಿ ಕೋಣೆ ಹಿಡಿದೆವು. ಪ್ರವಾಸದ ಕೊನೆಯ ದಿನ ಬೆಳಿಗ್ಗೆ ಆ ಮನೆಯ ಒಡತಿ ತಿಂಡಿ ತಂದಿಡುತ್ತಾ ಅತ್ತೆಯನ್ನು ಕೇಳಿದಳು: ಇಷ್ಟು ದೂರ ಯಾರನ್ನು ನೋಡಲು ಬಂದಿರಿ ಟಾಂಟಿ, ಇಲ್ಲಿ ಮಗಳಿದ್ದಾಳಾ, ಮಗ ಇದ್ದಾನಾ? ನಾನು ಅನುವಾದಿಸಿದೆ. ಅತ್ತೆ ನಕ್ಕು ತಲೆಯಲ್ಲಾಡಿಸಿದರು.

ತಿಂಡಿಯಾದ ಮೇಲೆ ದಂಡೆಗೆ ಹೋದೆವು. ಅತ್ತೆ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲುದ್ದ ನೀರಿನಲ್ಲಿ ನಿಂತರು. ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ ಎಂದು ನಾನೂ ಪಕ್ಕಕ್ಕೆ ಹೋಗಿ ನಿಂತೆ. ಅಷ್ಟರಲ್ಲಿ ಅವರೇ ಶುರು ಮಾಡಿದರು.

"ಯಾರನ್ನ ನೋಡಾಕ ಬಂದಿ ಅಂದ್ಲಲ್ಲ ಆಕಿ. ಖರೇನ ಕೇಳಿದ್ಲು. ಪುಣೆಕ್ಕ ಹೋದೆ, ಮಗಳ ಬಾಣಂತನ. ಸೊಲ್ಲಾಪುರಕ್ಕ ಹೋದೆ, ನಮ್ಮಣ್ಣನ ಹೆಂಡತಿ ಕಾಲ ಮುರಕೊಂಡಿದ್ಲು. ಮೆಲ್ಬರ್ನಿಗೆ ಬಂದೆ, ಮೊಮ್ಮಗ. ಸಿಡ್ನಿಗೆ ಬಂದೆ, ನಿನ್ನ ಬಾಣಂತನ. ಯಾರಿಗೂ ಒಲ್ಲೆ ಅಂದಿಲ್ಲ, ಮನಸಾರೆ ಮಾಡೇನಿ. ಆದ್ರ ಯಾವ ಊರ ನೆನಸಿದ್ರೂ ಕಣ್ಣ ಮುಂದ ಅಡಗಿಮನಿನ ಬರತೈತಿ ನೋಡು." ಒಂದು ಅಲೆ ಬಂದು ಅವರ ಸೀರೆಯ ನೆರಿಗೆ ತೋಯಿಸಿ ಹೋಯಿತು. ಅವರು ಹಿಂದೆ ಸರಿಯಲಿಲ್ಲ. "ಈ ಊರಾಗ ಅಡಗಿಮನಿ ಎಲ್ಲೈತಿ ಅನ್ನೂದು ಸೈತ ನನಗ ಗೊತ್ತಿಲ್ಲ."

ನನ್ನ ಬಾಣಂತನದಲ್ಲಿ ಅವರು ನಾಲ್ಕು ತಿಂಗಳು ಗಿರಾವೀನ್‌ನಲ್ಲಿದ್ದರು. ಸಿಡ್ನಿಯಲ್ಲಿ ಏನು ನೋಡಿದರು? ನೆನಪು ಮಾಡಿಕೊಳ್ಳಲು ಹೋದೆ. ನಮ್ಮ ಒಲೆ, ನಮ್ಮ ವಾಷಿಂಗ್ ಮಷೀನ್, ನನ್ನ ಮಗಳ ತೊಟ್ಟಿಲು. ಸಮುದ್ರ ಅಲ್ಲೂ ಇತ್ತು. ಒಂದು ದಿನವಾದರೂ ಕರೆದುಕೊಂಡು ಹೋಗಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಮಗಳಿಗೆ ಚೈಲ್ಡ್‌ಕೇರ್ ಹುಡುಕುವ ಮಾತನ್ನು ಮನೆಗೆ ಹೋದ ಮೇಲೆ ಗಂಡನಿಗೆ ನಾನೇ ಹೇಳಬೇಕೆಂದು ಅಲ್ಲೇ ನೀರಲ್ಲಿ ನಿಂತು ತೀರ್ಮಾನಿಸಿದೆ.

ಅತ್ತೆ ನನ್ನ ಕಡೆ ತಿರುಗಿದರು. "ನೀ ಏನೋ ಕೇಳಬೇಕಂತ ಬಂದಾಗಿಂದ ಒದ್ದಾಡಾಕತ್ತಿಯಲ್ಲ, ಏನದು?"

"ಏನಿಲ್ಲ ಅತ್ತೆ. ಟಿಕೆಟ್ ಬದಲಾಯಿಸಿ ಇನ್ನೊಂದೆರಡು ದಿನ ಇಲ್ಲೇ ಇದ್ದು ಹೋಗೋಣ್ವಾ ಅಂತ."

ಅತ್ತೆ ಒದ್ದೆ ಕೈಯಿಂದ ನನ್ನ ಕೈ ಹಿಡಿದುಕೊಂಡು, ಇನ್ನೊಂದು ಹೆಜ್ಜೆ ಆಳಕ್ಕೆ ಎಳೆದುಕೊಂಡು ಹೋದರು.

"ಏ ಹುಚ್ಚಿ, ಇಷ್ಟು ಕೇಳಾಕ ಎರಡು ವಾರ ಬೇಕಾತೇನು ನಿನಗ?"