ಬಾಡಿಗಿಗೆ ಕೊಡಲಿಕ್ಕೊಂದು ಮನಿ

ಎಪ್ಪತ್ತು ದಾಟಿದ ಹೆಂಗಸು ಕೈಚೀಲ ಹಿಡಿದು ಕಾಯಿಪಲ್ಲೆ ತರಲು ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ಅದೇ ಕೈಚೀಲ ಹಿಡಿದು ಮನೆ ಕೊಳ್ಳಲು ಹೋಗಲಿ, ಹೋದಲ್ಲೆಲ್ಲ ಒಂದೊಂದು ತಮಾಷೆ ಅವಳಿಗಾಗಿಯೇ ಕಾದು ಕೂತಿರುತ್ತದೆ.

ನಾನು ಧಾರವಾಡದ ಕಡೆಯವಳು. ಮದುವೆಯಾಗಿ ಪುಣೆಗೆ ಬಂದೆ. ಯಜಮಾನರು ತೀರಿಕೊಂಡ ಮೇಲೂ ಇಲ್ಲೇ ಉಳಿದೆ. ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಗೊತ್ತಿದ್ದವರ ಮನೆಗಳಿಗೆಲ್ಲ ಮಾರಿದೆ. ಈಗ ಒಲೆಯ ಮುಂದೆ ನಿಲ್ಲಲು ಮೊಣಕಾಲು ಒಪ್ಪುವುದಿಲ್ಲ. ರೊಟ್ಟಿ ನಿಂತಿತು, ಅದು ಗಳಿಸಿಕೊಟ್ಟದ್ದು ಬ್ಯಾಂಕಿನಲ್ಲಿತ್ತು. ಅದರಲ್ಲಿ ಒಂದು ಸಣ್ಣ ಮನೆ ಕೊಂಡು ಬಾಡಿಗೆಗೆ ಕೊಟ್ಟರೆ ತಿಂಗಳಿಗೊಮ್ಮೆ ನನ್ನ ಕೈಗೆ ನನ್ನದೇ ಗಳಿಕೆ ಬರುತ್ತದೆ. ಮೊಮ್ಮಗಳಿಗೊಂದು ಫ್ರಾಕ್ ತರಬೇಕೆಂದರೂ ಮಗನ ಮುಖ ನೋಡಬೇಕಾಗಿಲ್ಲ. ನನ್ನ ಆಸೆ ಇಷ್ಟೇ. ಇಷ್ಟಕ್ಕೇ ಮನೆಯಲ್ಲಿ ಭೂಕಂಪವಾಯಿತು.

ಮನಿ ಬಿಡದಿದ್ರ?

ಮಗ ಒಂದು ಕಂಪನಿಯ ಲೆಕ್ಕಪತ್ರದ ವಿಭಾಗದಲ್ಲಿದ್ದಾನೆ. ಅವನು, ಸೊಸೆ, ಮೊಮ್ಮಗಳು ಎಲ್ಲರೂ ನನ್ನ ಜೊತೆಗೇ, ನನ್ನ ಹೆಸರಿನಲ್ಲಿರುವ ಮನೆಯಲ್ಲೇ ಇದ್ದಾರೆ. ನನ್ನ ಮಾತು ಕೇಳಿ ಅವನು ಚಹದ ಕಪ್ಪು ಕೆಳಗಿಟ್ಟ.

"ಅವ್ವಾ, ನಿನಗ ತಿಳಿಯೂದಿಲ್ಲ. ಬಾಡಿಗಿಗಿಂತ ಬ್ಯಾಂಕಿನ ಬಡ್ಡೀನ ಹೆಚ್ಚು. ಎಲ್ಲಾ ಎಫ್‌ಡಿ ಒಳಗ ಇಡು. ನಾ ನೋಡಿಕೋತೀನಿ."

"ನೀ ನೋಡಿಕೋತಿ ಅಂತನ ಬ್ಯಾಡಂದೆ."

"ಮನಿ ಅಂದ್ರ ಸುಮ್ನ ಅಲ್ಲವಾ. ಸುಣ್ಣ ಬಣ್ಣ, ನಳದ ರಿಪೇರಿ, ಸೊಸೈಟಿ ಖರ್ಚು... ಮುಗಿಯೂದ ಇಲ್ಲ."

"ಈಗ ನನಗೂ ವರ್ಷಾ ರಿಪೇರಿ ಇರತಾವ. ಹಂಗಂತ ನನ್ನ ಮಾರಿಬಿಡ್ತಿಯೇನು?"

ಮಗ ಸುಸ್ತಾದ. ಆದರೆ ಕೊನೆಯ ಬಾಣ ಇನ್ನೂ ಬತ್ತಳಿಕೆಯಲ್ಲಿತ್ತು. "ಬಾಡಿಗಿಯಾಂವ ಮನಿ ಬಿಡೂದಿಲ್ಲ ಅಂತ ಕುಂತ್ರ ಏನ ಮಾಡ್ತಿ? ಅದನ್ನಷ್ಟು ಹೇಳು."

"ನೀ ಹುಟ್ಟಿದಾಗಿಂದ ಬಿಟ್ಟಿಲ್ಲ, ಬಾಡಿಗಿನೂ ಕೊಟ್ಟಿಲ್ಲ. ನಿನಗ ನಾ ಏನರೆ ಮಾಡೇನೇನು?"

ಸೊಸೆ ಅವಸರದಿಂದ ಅಡುಗೆಮನೆಗೆ ಹೋದಳು. ಒಳಗಿನಿಂದ ನಗು ಕೇಳಿಸಿತು, ಪಾತ್ರೆಯ ಸದ್ದು ಮಾತ್ರ ಕೇಳಿಸಲಿಲ್ಲ.

ಸ್ಯಾಂಪಲ್ ಫ್ಲ್ಯಾಟು

ಪುಣೆಯ ಅಂಚಿನ ವಾಕಡದಲ್ಲಿ ಹೊಸ ಕಟ್ಟಡವೊಂದು ಏಳುತ್ತಿತ್ತು. ಒಬ್ಬಳೇ ಹೋದೆ. ಕಟ್ಟಡ ಇನ್ನೂ ಕಂಬದಲ್ಲೇ ಇತ್ತು, ಆದರೆ ಆಫೀಸಿನ ಪಕ್ಕ ಒಂದು ಸ್ಯಾಂಪಲ್ ಫ್ಲ್ಯಾಟು ಥಳಥಳಿಸುತ್ತಿತ್ತು. ತೋರಿಸಲು ಬಂದ ಹುಡುಗಿ ಮಾತಿಗೊಮ್ಮೆ "ಆಜಿ, ಆಜಿ" ಎನ್ನುತ್ತಿದ್ದಳು. ಮಾತೆಲ್ಲ ನಡೆದದ್ದು ಮರಾಠಿಯಲ್ಲಿ, ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ.

ಮಲಗುವ ಕೋಣೆ ಬಲು ದೊಡ್ಡದಾಗಿ ಕಂಡಿತು. ಅನುಮಾನ ಬಂದು ಮಂಚದ ಮೇಲೆ ಮಲಗಿಯೇ ನೋಡಿದೆ. ಕುಳ್ಳಿಯಾದ ನನ್ನ ಕಾಲೂ ಹೊರಗೆ ಬಂದವು! ಕೋಣೆ ದೊಡ್ಡದಲ್ಲ, ಮಂಚವೇ ಗಿಡ್ಡ.

ಅಲ್ಲಿಂದ ಎದ್ದು ಅಡುಗೆಮನೆಗೆ ಹೋದೆ. "ಇಲ್ಲಿ ರೊಟ್ಟಿ ಬಡಿದರೆ ಕೆಳಗಿನ ಮನೆಯವರು ಜಗಳಕ್ಕೆ ಬರುವುದಿಲ್ಲವೇ?" ಎಂದು ಕೇಳಿದೆ.

"ಆಜಿ, ಬಾಡಿಗೆಗೆ ಬರುವವರು ಈಗ ಅಡುಗೆ ಮಾಡುವುದೇ ಇಲ್ಲ. ಎಲ್ಲಾ ಹೊರಗಿನಿಂದ ತರಿಸುತ್ತಾರೆ."

"ಹಾಗಾದರೆ ಅಡುಗೆಮನೆ ತೆಗೆದುಹಾಕಿ, ಅಷ್ಟು ಬೆಲೆ ಇಳಿಸು."

ಅವಳು ಬಾಯಿ ತೆರೆಯುವಷ್ಟರಲ್ಲಿ ಒಲೆಯ ಕಟ್ಟೆಯ ಮೇಲೆ ರೊಟ್ಟಿ ಬಡಿಯುವಂತೆ ಕೈ ಬಡಿದೆ. ಬರೀ ಎರಡು ಬಡಿತ, ಒಂದು ರೊಟ್ಟಿಗೂ ಸಾಲದಷ್ಟು. ಕಟ್ಟೆ ಢಬಢಬ ಅಂದಿತು. ಮೇಲಿನ ಕಪಾಟಿನ ಬಾಗಿಲು ತಾನಾಗಿ ತೆರೆಯಿತು. ಒಳಗಿದ್ದ ಪ್ಲಾಸ್ಟಿಕ್ ಸೇಬುಗಳು ಒಂದೊಂದಾಗಿ ಉರುಳಿ ಹಾಲ್ ತನಕ ಹೋದವು. ಮ್ಯಾನೇಜರ್ ಓಡಿ ಬಂದರು.

"ಆಜಿ, ಇದು ಬರೀ ತೋರಿಸಲಿಕ್ಕೆ! ಬಡಿಯಲಿಕ್ಕಲ್ಲ!"

"ನಾನೂ ಬರೀ ನೋಡಲಿಕ್ಕೆ ಬಂದವಳು. ಕೊಳ್ಳಲಿಕ್ಕಲ್ಲ," ಎಂದು ಚೀಲ ಎತ್ತಿಕೊಂಡೆ.

ಸೆಕ್ರೆಟರಿ ಸಾಹೇಬರು

ವಿಮಾನ ನಗರದಲ್ಲಿ ಒಂದು ಹಳೆಯ ಫ್ಲ್ಯಾಟು ಮಾರಾಟಕ್ಕಿತ್ತು. ಮನೆ ಚೆನ್ನಾಗಿತ್ತು. ಆದರೆ ಬಾಡಿಗೆಗೆ ಕೊಡುವವರು ಮೊದಲು ಸೊಸೈಟಿಯ ಸೆಕ್ರೆಟರಿಯನ್ನು ಕಾಣಬೇಕಂತೆ. ಕಂಡೆ. ನಿವೃತ್ತರು, ಇಸ್ತ್ರಿ ಮುರಿಯದ ಅಂಗಿ, ಗೋಡೆಯ ಮೇಲೆ ಜೇಜುರಿಯ ಖಂಡೋಬಾನ, ಅಂದರೆ ನಮ್ಮ ಮೈಲಾರಲಿಂಗನ, ದೊಡ್ಡ ಫೋಟೋ. ಕೈಮುಗಿದು ಕೂತೆ.

"ಮದುವೆಯಾಗದ ಹುಡುಗರಿಗೆ ಮನೆ ಕೊಡುವಂತಿಲ್ಲ," ಎಂದರು.

"ಹುಡುಗಿಯರಿಗೆ?"

"ಅದಂತೂ ಇಲ್ಲವೇ ಇಲ್ಲ. ಸಂಸಾರಸ್ಥರೇ ಬೇಕು. ಆದರೆ ಮಕ್ಕಳು ಕೆಳಗೆ ಆಡಬಾರದು. ಮಾಂಸ ಬೇಯಿಸಬಾರದು. ಪ್ರಾಣಿ ಸಾಕಬಾರದು. ನೆಂಟರು ಹೆಚ್ಚು ಬರಬಾರದು."

ನನಗೆ ರೇಗಿತು. ಎದ್ದು ಫೋಟೋ ತೋರಿಸಿದೆ. "ಸಾಹೇಬರೇ, ನಾಳೆ ಈ ದೇವರೇ ಮನೆ ಕೇಳಿಕೊಂಡು ಬಂದರೂ ನೀವು ಕೊಡುವುದಿಲ್ಲ. ಇಬ್ಬರು ಹೆಂಡಂದಿರು, ಒಂದು ಕುದುರೆ, ಒಂದು ನಾಯಿ. ಹಿಂದೆ ಭಂಡಾರದ ಅರಿಶಿನ ಎರಚುತ್ತಾ ಬರುವ ಭಕ್ತರು ಬೇರೆ."

ನಾಚಿಕೆಯಾದೀತು ಅಂದುಕೊಂಡೆ. ಅವರು ಕನ್ನಡಕ ಸರಿಮಾಡಿಕೊಂಡು ಫೋಟೋವನ್ನು ಒಂದು ಗಳಿಗೆ ನೋಡಿದರು. ಆಮೇಲೆ ತುಂಬಾ ಗಂಭೀರವಾಗಿ ಹೇಳಿದರು: "ಕುದುರೆಗೆ ಪಾರ್ಕಿಂಗ್ ಸಿಗುವುದಿಲ್ಲ."

ಕೊನೆಯ ಮನೆ

ಮಗ ಗಡುವು ಹಾಕಿದ. "ರವಿವಾರ ಒಂದ ಮನಿ ನೋಡೂಣು, ನಾನೂ ಬರ್ತೀನಿ. ಅದೂ ಬ್ಯಾಡಾದ್ರ ಸೋಮವಾರ ಎಫ್‌ಡಿ. ಮತ್ತ ಮಾತಿಲ್ಲ."

"ಬ್ಯಾಡಾದ್ರ ತಾನ?" ಎಂದು ಹೊರಟೆ.

ಅದೂ ವಾಕಡದ್ದೇ, ನಾಲ್ಕನೇ ಮಹಡಿ, ಒಂದೇ ಮಲಗುವ ಕೋಣೆ. ಒಳಗೆ ಬಾಡಿಗೆಗಿದ್ದ ಹುಡುಗಿ ಬಾಗಿಲು ತೆರೆದಳು. ನಾವಿಬ್ಬರೂ ಏಜೆಂಟನ ಜೊತೆ ಮರಾಠಿಯಲ್ಲಿ ಮಾತಾಡುತ್ತಿದ್ದೆವು. ನಾವು ಮರಾಠಿಯವರೇ ಎಂದುಕೊಂಡು ಅವಳು ಹಿಂದಿಯಲ್ಲಿ ಶುರುಮಾಡಿದಳು. ನೀರು ದಿನ ಬಿಟ್ಟು ದಿನವಂತೆ. ಮಳೆಗಾಲದಲ್ಲಿ ಗೋಡೆ ಅಳುತ್ತದಂತೆ. ಮೇಲಿನ ಮನೆಯ ಗಂಡ ಹೆಂಡಿರು ರಾತ್ರಿಯಿಡೀ ಕುಸ್ತಿ ಹಿಡಿಯುತ್ತಾರಂತೆ. ಕೇಳುತ್ತಾ ಕೇಳುತ್ತಾ ಮಗನ ಮುಖ ಅರಳಿತು.

"ಕೇಳಿದ್ಯಲ್ಲ?" ಎನ್ನುವಂತೆ ನನ್ನ ಕಡೆ ನೋಡಿ, ಅವನು ಏಜೆಂಟನ ಜೊತೆ ಬಾಲ್ಕನಿಗೆ ಹೋದ. ಆಗ ಹುಡುಗಿಗೆ ಫೋನು ಬಂತು. ನನ್ನ ಎದುರೇ ನಿಂತು ಮಾತಾಡಿದಳು, ಅಚ್ಚ ಬೆಂಗಳೂರು ಕನ್ನಡದಲ್ಲಿ!

"ಹೂಂ ಕಣೇ, ಯಾರೋ ಮನೆ ತಗೊಳ್ಳೋಕೆ ಬಂದಿದಾರೆ. ಇಪ್ಪತ್ನಾಲ್ಕು ಗಂಟೆ ನೀರು, ಇಷ್ಟು ಗಾಳಿ ಬೆಳಕು, ಆಫೀಸು ಇಷ್ಟು ಹತ್ರ. ಇಂಥ ಮನೆ ಬಿಟ್ಟು ಎಲ್ಲಿಗೆ ಹೋಗ್ಲಿ? ನಮ್ಮಂಥ ಒಂಟಿ ಹುಡ್ಗೀರಿಗೆ ಯಾರು ಕೊಡ್ತಾರೆ ಹೇಳು. ಮಗ ಆಗ್ಲೇ ಹೆದ್ರಿದಾನೆ, ಅಜ್ಜಿ ಒಂದು ಬಾಕಿ. ತಾಳು, ಅದಕ್ಕೊಂದು ದೆವ್ವ ಬಿಡ್ತೀನಿ."

ಮಾತು ಮುಗಿಸಿ, ಫೋನು ಹಿಡಿದೇ ನನ್ನ ಹತ್ತಿರ ಬಂದಳು. ದನಿ ಇಳಿಸಿ ಹಿಂದಿಯಲ್ಲಿ ಹೇಳಿದಳು: ಅಮಾವಾಸ್ಯೆ ಬಂದರೆ ಈ ಮನೆಯಲ್ಲಿ ಬಿಳಿ ಸೀರೆಯ ಹೆಂಗಸು ಓಡಾಡುತ್ತಾಳಂತೆ, ಬಚ್ಚಲಲ್ಲಿ ಬಳೆ ಸದ್ದು ಮಾಡುತ್ತಾಳಂತೆ. ನಾನು "ಅಚ್ಛಾ, ಅಚ್ಛಾ" ಎನ್ನುತ್ತಾ ಕೊನೆಯ ತನಕ ಕೇಳಿದೆ. ಪಾಪ, ಅಷ್ಟು ಕಷ್ಟಪಟ್ಟು ಹೇಳುತ್ತಿದ್ದಳು.

ಆಮೇಲೆ ಏಜೆಂಟನನ್ನು ಕರೆದು ಚೀಲದಿಂದ ಚೆಕ್ ಪುಸ್ತಕ ತೆಗೆದೆ. "ಈ ಮನೆ ನನಗಿರಲಿ. ಮುಂಗಡದ ಚೆಕ್ ಈಗಲೇ ಬರೆಯುತ್ತೇನೆ."

"ಅವ್ವಾ!" ಎಂದು ಮಗ ಕನ್ನಡದಲ್ಲೇ ಚೀರಿದ.

ಹುಡುಗಿಯ ಕೈಯಿಂದ ಫೋನು ಜಾರಿ ಸೋಫಾದ ಮೇಲೆ ಬಿತ್ತು. ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಅವಳ ಮುಖದಲ್ಲಿ ಮಾತ್ರ ಬಣ್ಣವೇ ಇರಲಿಲ್ಲ.

"ಅಂಜಬ್ಯಾಡ ತಂಗಿ," ಎಂದೆ. "ನಿನ್ನ ಯಾರೂ ಬಿಡಸೂದಿಲ್ಲ. ಒಬ್ಬಾಕಿ ಇದ್ದಿ ಅಂತ ನಾ ಏನೂ ಕೇಳೂದಿಲ್ಲ. ಬಾಡಿಗಿ ಈಗ ಕೊಡೂದನ್ನ ಕೊಡು. ಆದರ ಆ ಬಿಳೀ ಸೀರೀಯಾಕಿದು ಬಾಡಿಗಿ ಬ್ಯಾರೆ ಆಗತದ ನೋಡು."

 ಹುಡುಗಿ ಕೈಮುಗಿದು ಹೇಳಿದಳು:

"ಅಜ್ಜಿ, ಅವಳು ಈಗ ತಾನೇ ಮನೆ ಖಾಲಿ ಮಾಡಿದ್ಲು."