ಪ್ಯಾರಿಸ್ಸಿನ ಗಾಡಿ ಸಪ್ಪಳ

ಕಾಣದ ಊರಿನ ಮೇಲೆ ಮನಸ್ಸಿಡುವುದಕ್ಕೂ ಒಂದು ವಯಸ್ಸು ಅಂತ ಇರುತ್ತದಂತೆ. ನನಗೆ ಆ ವಯಸ್ಸು ಮುಗಿಯಲೇ ಇಲ್ಲ. 1997ರಲ್ಲಿ ಗಂಗಾವತಿಯ ಕಾಲೇಜೊಂದಕ್ಕೆ ಸೇರಿದವನು ನಿವೃತ್ತಿಯಾಗುವವರೆಗೂ ಯುರೋಪಿನ ಇತಿಹಾಸವನ್ನೇ ಪಾಠ ಹೇಳಿದೆ. ಫ್ರಾನ್ಸಿನ ಕ್ರಾಂತಿಯ ಮೇಲೆ ಪಿಎಚ್.ಡಿ.ಯನ್ನೂ ಮಾಡಿದೆ. ಪ್ಯಾರಿಸ್ಸಿನ ಗಲ್ಲಿಗಲ್ಲಿ ನನಗೆ ಗೊತ್ತು. ಆದರೆ ಪಶ್ಚಿಮ ದಿಕ್ಕಿನಲ್ಲಿ ನಾನು ಹೋದ ಅತಿ ದೂರದ ಊರೆಂದರೆ ಹುಬ್ಬಳ್ಳಿ. ಅದೂ ಬೀಗರ ಮನೆಯ ಮದುವೆಗೆ.

ಒಮ್ಮೆ ಪ್ಯಾರಿಸ್ಸಿನ ವಿಚಾರಸಂಕಿರಣವೊಂದಕ್ಕೆ ಕರೆ ಬಂತು. ನಾನು ಕೋಟು ಹೊಲಿಸಿದೆ, ಹೆಂಡತಿ ಶಾಂತಾ ಶೇಂಗಾ ಚಟ್ನಿ ಕುಟ್ಟಿದಳು. ವೀಸಾ ಕಚೇರಿಯ ಅಧಿಕಾರಿ ಕೊನೆಗೆ ಕೇಳಿದ, "ಕೆಲಸ ಮುಗಿದ ಮೇಲೆ ಖಂಡಿತ ವಾಪಸ್ ಬರುತ್ತೀರಾ?" ‘ಹೌದು’ ಎನ್ನಲು ಎಷ್ಟು ಹೊತ್ತು ಬೇಕು? ನಾನು ಸ್ವಲ್ಪ ಯೋಚಿಸಿಬಿಟ್ಟೆ. ವೀಸಾ ಸಿಗಲಿಲ್ಲ.

"ನನ್ನ ಕೇಳಿದ್ರ ಹೇಳ್ತಿದ್ನಲ್ರಿ," ಎಂದಳು ಶಾಂತಾ. "ಕೊಪ್ಪಳಕ್ಕ ಹೋದ್ರೂ ಮಧ್ಯಾಹ್ನದ ಊಟಕ್ಕ ಮನಿಗೇ ಬರೋ ಮನುಷ್ಯಾ ಇವರು ಅಂತ."

ಆ ಕೋಟು ಆಮೇಲೆ ಸಹೋದ್ಯೋಗಿಗಳ ಮಕ್ಕಳ ಮದುವೆಗಳಲ್ಲೇ ಹಳೆಯದಾಯಿತು.

ನಿವೃತ್ತನಾದ ಮೇಲೆ ಒಂದು ಸಂಜೆ ಮೊಬೈಲಿನಲ್ಲಿ ವಿಡಿಯೋ ಕರೆ ಬಂತು. ಆನೆಗೊಂದಿಯ ರೇಣುಕಾ, ನನ್ನ ಹಳೆಯ ವಿದ್ಯಾರ್ಥಿನಿ. ನೆಪೋಲಿಯನ್ ಸೋತಾಗಲೂ ಗೆದ್ದಾಗಲೂ ಕೊನೆಯ ಬೆಂಚಿನಲ್ಲಿ ನಿದ್ದೆ ಮಾಡುತ್ತಿದ್ದವಳು. ಈಗ ಬಾಳೆನಾರಿನ ಚೀಲ ಹೆಣೆಸಿ ಮಾರುತ್ತಾಳೆ. ವಸ್ತುಪ್ರದರ್ಶನಕ್ಕೆಂದು ಪ್ಯಾರಿಸ್ಸಿಗೇ ಹೋಗಿದ್ದಳು.

"ಸರ, ನೀವು ಪಾಠದಾಗ ಹೇಳ್ತಿದ್ರಲ್ರಿ, ಕ್ರಾಂತಿಯಾಗ ಜನ ನುಗ್ಗಿದ ಬಾಸ್ಟೀಲ್ ಕೋಟಿ, ಅಲ್ಲೇ ನಿಂತೀನ್ರಿ. ಕೋಟಿನೇ ಇಲ್ರಿ ಇಲ್ಲಿ! ಬರೇ ರೋಡು, ಗಾಡಿ."

"ಕೋಟಿ ಅವಾಗ್ಲೇ ಕೆಡವ್ಯಾರವಾ. ಜಾಗ ಮಾತ್ರ ಅದೇ ಐತಿ," ಎಂದೆ.

"ಮತ್ತ ಏನ್ ತೋರಿಸ್ಲಿರಿ, ಸರ?"

"ಏನೂ ತೋರಿಸಬ್ಯಾಡ. ಸ್ವಲ್ಪ ಹೊತ್ತು ಹಂಗ ನಿಂದ್ರು. ಗಾಡಿ ಸಪ್ಪಳ ಕೇಳ್ತೀನಿ."

ಅವಳು ನಿಂತಳು. ನಾನು ಕಣ್ಣು ಮುಚ್ಚಿ ಮೊಬೈಲನ್ನು ಕಿವಿಗೆ ಒತ್ತಿಕೊಂಡೆ.

"ಇದಕ್ಯಾಕ ಪ್ಯಾರಿಸ್ ಬೇಕ್ರಿ? ನಮ್ಮ ಬಸ್‌ಸ್ಟ್ಯಾಂಡಿನ್ಯಾಗೂ ಇದ ಸಪ್ಪಳಾ ಐತಿ," ಎಂದಳು ಅಡುಗೆಮನೆಯಿಂದ ಹೊರಬಂದ ಶಾಂತಾ.

"ಛೆ, ನಿನಗ ತಿಳಿಯಂಗಿಲ್ಲ ಬಿಡು. ಅಲ್ಲಿ ಯಾರೂ ಹಾರ್ನ್ ಹೊಡಿಯಂಗಿಲ್ಲ," ಎಂದೆ, ಅಲ್ಲೇ ಹುಟ್ಟಿ ಬೆಳೆದವನ ಗತ್ತಿನಲ್ಲಿ.

ಅಷ್ಟರಲ್ಲಿ ಪ್ಯಾರಿಸ್ಸಿನ ಯಾವನೋ ಪುಣ್ಯಾತ್ಮ ಉದ್ದಕ್ಕೆ ಹಾರ್ನ್ ಹೊಡೆದ. ಶಾಂತಾ ಬಂದು ಪಕ್ಕದಲ್ಲಿ ಕೂತಳು. ನಾನು ಅವಳಿಗೂ ಕೇಳಲಿ ಎಂದು ಮೊಬೈಲಿನ ಸಪ್ಪಳವನ್ನು ಇನ್ನಷ್ಟು ಜೋರು ಮಾಡಿದೆ.